ಕಾಯಿಲ್ ಬದಲಿಸಿದ ಮೇಲೆ ಸೀದ ವಾಸನೆ: ವೋಲ್ಟ್ ಹೊಂದಿಸುವ ವೇಪ್ ಬಿಟ್ಟು ವಾಟ್ ಹೊಂದಿಸುವುದನ್ನು ಕೊಳ್ಳಬೇಕೇ?

ಪ್ರಶ್ನೆ:
ನಾನು ಇಂಗ್ಲೆಂಡಿನಲ್ಲಿದ್ದು, ಸಿಗರೇಟು ಬಿಡಲೆಂದು ವೇಪ್ (ಇ-ಸಿಗರೇಟು) ಹಿಡಿದವನು. ನನ್ನ ಹಳೆಯ ಸಾಧನದಲ್ಲಿ ವೋಲ್ಟೇಜ್ ಮಾತ್ರ ಹೊಂದಿಸಬಹುದು, 1.8 ಓಮ್ (ವಿದ್ಯುತ್ ತಡೆಯ ಅಳತೆ) ಕಾಯಿಲ್‌ಗೆ, ಅಂದರೆ ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಸುರುಳಿಗೆ, 4 ವೋಲ್ಟ್ ಇಟ್ಟು ತಿಂಗಳುಗಟ್ಟಲೆ ನಿಶ್ಚಿಂತೆಯಿಂದಿದ್ದೆ. ಅಂಗಡಿಯಲ್ಲಿ ಅದು ಸಿಗದೆ 1.2 ಓಮ್‌ನದು ತಂದು, ಅದರಲ್ಲಿ ದ್ರವ ಹೀರುವ ಹತ್ತಿಯನ್ನು ಚೆನ್ನಾಗಿ ನೆನೆಸಿಯೇ ಹಾಕಿದರೂ ಮೂರನೇ ದಮ್ಮಿಗೆ ಸೀದ ಘಾಟು ಗಂಟಲಿಗೆ ಬಡಿಯಿತು. ವಾಟ್ ಹೊಂದಿಸುವ ಸಾಧನದಲ್ಲಿ ಈ ತೊಂದರೆ ಇರುವುದಿಲ್ಲವೇ?

ಉತ್ತರ 1:
ಕಾಯಿಲ್ ಎಷ್ಟು ಕಾಯುತ್ತದೆ ಎಂಬುದನ್ನು ನಿರ್ಧರಿಸುವುದು ವಾಟ್. ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ಅದು ಸಿಗುತ್ತದೆ. ನಿಮ್ಮ ಹಳೆಯ ಕಾಯಿಲ್‌ಗೆ 16ನ್ನು 1.8ರಿಂದ ಭಾಗಿಸಿದಾಗ ಸುಮಾರು 8.9 ವಾಟ್ ಬೀಳುತ್ತಿತ್ತು, ಹೊಸದಕ್ಕೆ ಅದೇ 4 ವೋಲ್ಟ್‌ನಲ್ಲಿ 13.3 ವಾಟ್ ಬಿತ್ತು. ಹೊಸ ದ್ರವ ಹತ್ತಿಗೆ ಏರುವ ಮೊದಲೇ ಇದ್ದದ್ದು ಆವಿಯಾದರೆ ಹತ್ತಿ ಸೀಯದೆ ಇನ್ನೇನಾದೀತು? ವಾಟ್ ಸಾಧನವು ಕಾಯಿಲ್‌ನ ಓಮ್ ಅಳೆದು ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಯಾವಾಗಲೂ ಒಂದೇ ಓಮ್‌ನ ಕಾಯಿಲ್ ಬಳಸುವವರಿಗೆ ಎರಡೂ ಒಂದೇ, ಹೊಸದಕ್ಕೆ ದುಡ್ಡು ಸುರಿಯಬೇಕಿಲ್ಲ. ಸೀದ ಕಾಯಿಲ್ ಎಸೆದು, ಇನ್ನೊಂದನ್ನು ಹಾಕಿ, 3.3 ವೋಲ್ಟ್‌ಗೆ ಇಳಿಸಿ ನೋಡಿ.

ಪ್ರಶ್ನೆ ಕೇಳಿದವರು:
ಹೇಳಿದಂತೆಯೇ ಮಾಡಿದೆ. ಘಾಟು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಮತ್ತೊಂದು ವಿಷಯ: ಗುಂಡಿ ಒತ್ತಿದಾಗ ಕಾಯಿಲ್‌ನಿಂದ ಗಿಲಕಿ ಆಡಿಸಿದಂಥ ಗರಗರ ಸದ್ದು ಬರುತ್ತದೆ, ಇದು ಮೊದಲಿನಿಂದಲೂ ಇತ್ತು.

ಉತ್ತರ 2:
ಆ ಗರಗರ ಸದ್ದೇ ಕಳ್ಳನನ್ನು ಹಿಡಿದುಕೊಟ್ಟಂತಿದೆ. ಕೆಲವು ಅಗ್ಗದ ಸಾಧನಗಳು ವೋಲ್ಟೇಜನ್ನು ನಿಜವಾಗಿ ಇಳಿಸುವುದಿಲ್ಲ. ಹೆಚ್ಚಿನ ವೋಲ್ಟೇಜನ್ನೇ ಸೆಕೆಂಡಿಗೆ ಹಲವು ಬಾರಿ ಹಚ್ಚಿ ಆರಿಸಿ, ಅದರ ಸರಾಸರಿಯನ್ನು ಪರದೆಯ ಮೇಲೆ ತೋರಿಸುತ್ತವೆ. ಉದಾಹರಣೆಗೆ, 6 ವೋಲ್ಟ್‌ನ ಮಿಡಿತಗಳು ಶೇ. 55ರಷ್ಟು ಹೊತ್ತು ಮಾತ್ರ ಹರಿದರೆ ಸರಾಸರಿ 3.3 ವೋಲ್ಟ್ ಆಗುತ್ತದೆ, ಆದರೆ ಶಾಖ ಸರಾಸರಿಯ ಲೆಕ್ಕ ಹಿಡಿಯುವುದಿಲ್ಲ: 1.2 ಓಮ್ ಕಾಯಿಲ್‌ಗೆ ನೀವು 9 ವಾಟ್ ಎಂದುಕೊಂಡಲ್ಲಿ 16.5 ವಾಟ್ (6 ವೋಲ್ಟ್‌ನ 30 ವಾಟ್‌ನಲ್ಲಿ ಶೇ. 55) ಬೀಳುತ್ತದೆ. ನಿಮ್ಮದೂ ಈ ಜಾತಿಯದೇ ಇರಬೇಕೆಂಬುದು ನನ್ನ ಗುಮಾನಿ. ಹಾಗಿದ್ದರೆ ಉತ್ತರ 1ರ ಲೆಕ್ಕ ಸರಿ, ನಿಮ್ಮ ಪರದೆಯ ಅಂಕಿ ಸುಳ್ಳು. ಇಂಥದ್ದನ್ನು ಬದಲಿಸುವುದೇ ಲೇಸು, ಆದರೆ ಪೆಟ್ಟಿಗೆಯ ಮೇಲೆ ವಾಟ್ ಎಂದು ಬರೆದಿದ್ದರೆ ಸಾಲದು, ಸಮನಾದ ನೇರ ವಿದ್ಯುತ್ ಕೊಡುತ್ತದೆಯೇ ಎಂದು ಕೇಳಿ ಕೊಳ್ಳಿ. ರಜೆಗೆ ಊರಿಗೆ ಬರುವಾಗ ಮಾತ್ರ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. 2019ರ ಕಾಯ್ದೆ ಭಾರತದಲ್ಲಿ ಇ-ಸಿಗರೇಟಿನ ಆಮದನ್ನೂ ಮಾರಾಟವನ್ನೂ ನಿಷೇಧಿಸಿದೆ.

ಪ್ರಶ್ನೆ ಕೇಳಿದವರು:
ಅಂಗಡಿಯವನನ್ನು ನಾಳೆಯೇ ಕೇಳುತ್ತೇನೆ. ಅಲ್ಲಿಯವರೆಗೆ 1.8 ಓಮ್ ಕಾಯಿಲ್‌ಗಾಗಿ ಪಕ್ಕದ ಊರಿನ ಅಂಗಡಿಯನ್ನೂ ಒಮ್ಮೆ ನೋಡಿಬರುತ್ತೇನೆ.