ಹೋಳಿ ಫೋನ್-ಇನ್‌ನಾಗ ಬೈಗುಳ ಬಂದರ ಹೊಣೆ ಯಾರದು?

ಕಲಬುರಗಿ_ಆರ್‌ಜೆ: ನಮ್ಮದು ಸಮುದಾಯ ಬಾನುಲಿ. ಹೋಳಿ ಹುಣ್ಣಿವಿಗೆ ಕಾಮಣ್ಣನ ಪದಗಳ ನೇರ ಫೋನ್-ಇನ್ ಇಟ್ಟೀವಿ. ಹಲಗಿ ಬಡಿಯೋ ಹೊತ್ತಿಗೆ ಮಂದಿ ಏನೇನು ಒದರ್ತಾರಂತ ನಿಮಗೂ ಗೊತ್ತು. ರಾತ್ರಿ 10ರ ಮ್ಯಾಲ ಇಟ್ಟರ ನಡೀತದ ಅಂತಾರ, ಖರೇನ್ರಿ?

ಯಾದಗಿರಿ_ವಕೀಲ: 10 ಗಂಟೆಯ ಲೆಕ್ಕ ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿದು, ನಮ್ಮದಲ್ಲ. ನಿಮ್ಮ ಅನುಮತಿ ಒಪ್ಪಂದದಾಗ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಪಾಲಿಸಬೇಕಂತ ಅದ. ಅಶ್ಲೀಲಕ್ಕ ಅದರಾಗ ಹೊತ್ತಿನ ರಿಯಾಯಿತಿ ಇಲ್ಲ. ಮೊದಲ ತಪ್ಪಿಗೆ ಒಂದು ತಿಂಗಳ ತನಕ ಅಮಾನತು, ಎರಡನೆಯದಕ್ಕ ಮೂರು ತಿಂಗಳ ತನಕ, ಆಮ್ಯಾಲ ಅನುಮತಿನೇ ರದ್ದು. 1995ರ ಕೇಬಲ್ ಟಿವಿ ಕಾಯ್ದೆ ತೋರಿಸಿ ವಾದ ಮಾಡಬ್ಯಾಡ್ರಿ, ಅದು ರೇಡಿಯೋಕ್ಕ ಹತ್ತೋದಿಲ್ಲ.

ಬೈಗುಳ ಎಲ್ಲಾ ಅಶ್ಲೀಲ ಅಲ್ಲ ಅಂತ ಅಪೂರ್ವಾ ಅರೋರಾ ಪ್ರಕರಣದಾಗ ಸುಪ್ರೀಂ ಕೋರ್ಟ್ 2024ರಾಗ ಹೇಳ್ಯದ. ಆದರ ಅದು ವೆಬ್ ಸರಣಿಯ ಮ್ಯಾಲಿನ ಕ್ರಿಮಿನಲ್ ಕೇಸು. ಒಪ್ಪಂದ ಮುರಿದೀರಿ ಅಂತ ನೋಟಿಸ್ ಬಂದಾಗ ಅದನ್ನ ನಂಬಿ ಕೂಡಬ್ಯಾಡ್ರಿ.

ನನ್ನ ಕೇಳಿದರ ಪೋಲಿ ಪದಕ್ಕಿಂತ ದೊಡ್ಡ ಗಂಡಾಂತರ ಜಾತಿ ಹಿಡಿದು ಬೈಯೋದು. ಪರಿಶಿಷ್ಟರ ಮ್ಯಾಲಿನ ದೌರ್ಜನ್ಯ ತಡೆ ಕಾಯ್ದೆಯ 3(1) ಕಲಮಿನಾಗ ಶಿಕ್ಷೆ 6 ತಿಂಗಳಿಂದ 5 ವರ್ಷ.

ಬೀದರ_ಮಿಕ್ಸರ್: ಸ್ಟುಡಿಯೋದ ಧ್ವನಿ ಕೂಡಿಸೋ ಮಿಕ್ಸರ್‌ಗೂ ಟ್ರಾನ್ಸ್‌ಮಿಟರ್‌ಗೂ ನಡುವ 7–10 ಸೆಕೆಂಡಿನ ಡಿಲೇ ಹಾಕ್ರಿ, ಅಂದರ ಧ್ವನಿ ಅಷ್ಟು ತಡವಾಗಿ ಪ್ರಸಾರ ಆಗ್ತದ. ಬೈಗುಳ ಅಳಿಸೋ ಡಂಪ್ ಗುಂಡಿ ಒತ್ತಿದ ಕೂಡಲೇ ಕೂಡಿಟ್ಟ ಸೆಕೆಂಡುಗಳು ಖಾಲಿ ಆಗ್ತಾವ. ಹೆಚ್ಚಿನವರು ಎಡವೋದು ಇಲ್ಲೇ. ಗಡಿಬಿಡಿಯಾಗ ಮುಂದಿನ ಕರೆ ತಗೋತಾರ, ಅವನೂ ಬೈದರ ತಡಿಯಾಕ ಡಿಲೇನೇ ಉಳಿದಿರೋದಿಲ್ಲ. ಅದು ಮತ್ತ ಪೂರಾ ತುಂಬೋ ತನಕ ನಿರೂಪಕರೇ ಮಾತಾಡಲಿ. ಗುಂಡಿ ಮಾತ್ರ ನಿರೂಪಕರ ಕೈಯಾಗ ಬ್ಯಾಡ. ನಗೋದ್ರಾಗ ಎರಡು ಸೆಕೆಂಡ್ ಹೋಗಿರ್ತದ.

ಹೆಡ್‌ಫೋನಿಗೆ ಮಿಕ್ಸರಿನ ನೇರ ಧ್ವನಿ ಕೊಡ್ರಿ. ರೇಡಿಯೋ ಧ್ವನಿ ಕೊಟ್ಟರ ತಮ್ಮ ಮಾತೇ ತಡವಾಗಿ ಕೇಳಿ ನಾಲಿಗಿ ತೊಡರ್ತದ. ಕರೆ ಮಾಡಿದವರಿಗೂ ಮನಿಯ ರೇಡಿಯೋ ಬಂದ್ ಮಾಡಾಕ ಹೇಳ್ರಿ.

ಮೊದಲೇ ರೆಕಾರ್ಡ್ ಆದ ಪದ ಇದ್ದರ ಬೀಪ್ ಹಾಕಬ್ಯಾಡ್ರಿ, ಕಿವಿಗೆ ಚುಚ್ಚತದ. ಅದೇ ರೆಕಾರ್ಡಿಂಗಿನ ಹಲಗಿ ಏಟು ಕತ್ತರಿಸಿ ಆ ಜಾಗಕ್ಕ ಕೂಡಿಸ್ರಿ. ಮೊದಲ ಅಕ್ಷರದಿಂದಲೇ ಮುಚ್ಚಬೇಕು; ಅದೊಂದು ಉಳಿದರ ಪೂರಾ ಪದ ಕೇಳಿದಂಗೇ.

ಪ್ರಸಾರ ಆದದ್ದರ ಧ್ವನಿಮುದ್ರಣ 3 ತಿಂಗಳು ಇಡೋದು ಕಡ್ಡಾಯ. ಅದನ್ನ ಮಿಕ್ಸರಿನಿಂದಲ್ಲ, ಪ್ರಸಾರ ಆದದ್ದನ್ನ ಹಿಡಿಯೋ ಟ್ಯೂನರಿನಿಂದ ತಗೋರಿ. ಮಿಕ್ಸರಿನ ಪ್ರತಿಯಾಗ ನೀವು ಕತ್ತರಿಸಿದ ಬೈಗುಳವೂ ಇರ್ತದ! 64 ಕೆಬಿಪಿಎಸ್ ಮೋನೊ ಎಂಪಿ3 ಆದರ ತಾಸಿಗೆ 29 ಎಂಬಿ. ಹಗಲು-ರಾತ್ರಿ ಪ್ರಸಾರ ಇದ್ದರೂ 90 ದಿನಕ್ಕ 62 ಜಿಬಿ.

ಕಲಬುರಗಿ_ಆರ್‌ಜೆ: ಕತ್ತರಿಸಿ ತೆಗೆದ ಬೈಗುಳನ್ನ ಯೂಟ್ಯೂಬಿಗೆ ಹಾಕಬಹುದಾ?

ಯಾದಗಿರಿ_ವಕೀಲ: ಬ್ಯಾಡ. ಅಲ್ಲಿ ಅಂತರ್ಜಾಲದಾಗಿನ ಅಶ್ಲೀಲಕ್ಕ ಐಟಿ ಕಾಯ್ದೆಯ 67ನೇ ಕಲಂ ಬರ್ತದ: ಮೊದಲ ಸಲಕ್ಕೇ 3 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ.