ಸ್ಕೇಲ್ 3 ಬರೆಯಲಾ, ಬಿಡಲಾ?

ಸರ್ಕಾರಿ ಬ್ಯಾಂಕಲ್ಲಿ ಸ್ಕೇಲ್ 2 ಮ್ಯಾನೇಜರ್ ನಾನು, ಊರು ಮೈಸೂರು. ಈ ಸಲ ಮೇಲಿನ ದರ್ಜೆ ಸ್ಕೇಲ್ 3ರ ಪ್ರಮೋಷನ್ ಪರೀಕ್ಷೆಗೆ ಅರ್ಜಿ ಹಾಕಬಹುದು. ಪಾಸಾದ್ರೆ ಹೊರ ರಾಜ್ಯಕ್ಕೆ ಹಾಕೋದು ಹೆಚ್ಚುಕಮ್ಮಿ ಖಾತ್ರಿ. ಮಗ ಏಳನೇ ಕ್ಲಾಸು. ಯಜಮಾನ್ರು "ನಿನ್ನಿಷ್ಟ" ಅಂತಾರೆ, ಆ ದನಿಯಲ್ಲಿ ಇಷ್ಟ ಕಾಣಿಸ್ತಿಲ್ಲ. ಅನುಭವ ಇರೋರು ಹೇಳ್ತೀರಾ?

— 2013ರಲ್ಲಿ ಅರುಂಧತಿ ಭಟ್ಟಾಚಾರ್ಯ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷೆ ಆದಾಗ ನಮ್ಮ ಶಾಖೇಲಿ ಮೈಸೂರುಪಾಕು ಹಂಚಿದವಳು ನಾನೇ. 2016ರಲ್ಲಿ ನನ್ನ ಸರದಿ ಬಂದಾಗ ಅರ್ಜಿನೇ ಹಾಕ್ಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಅತ್ತೆ ಕೂಡ. "ಮಗೂಗೆ ಅಮ್ಮ ಬೇಕು" ಅಂತ ನಾನೇ ಹೇಳ್ಕೊಂಡು ಓಡಾಡಿದೆ. ಅದೇ ವರ್ಷ ನನ್ನ ಬ್ಯಾಚಿನ ಗಂಡಸೊಬ್ಬರು ಎರಡು ವರ್ಷದ ಕೂಸು ಬಿಟ್ಟು ರಾಯ್‌ಪುರಕ್ಕೆ ಹೋದ್ರು. ಮಗೂನ ಯಾರು ನೋಡ್ಕೋತಾರೆ ಅಂತ ಅವರನ್ನ ಒಬ್ಬರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ ನೋಡಿ!

2019ರಲ್ಲಿ ಬರೆದೆ, ಒಡಿಶಾ ಬಂತು. ಹೊರಡೋ ಹಿಂದಿನ ರಾತ್ರಿ ಕೂತು ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ: ಸಾರಿನಪುಡಿ, ಹುಳಿಪುಡಿ, ಉದ್ದಿನಬೇಳೆ. ಮೂರು ತಿಂಗಳು ಬಿಟ್ಟು ರಜೆಗೆ ಬಂದ್ರೆ ಸಾರಿನಪುಡಿ ಡಬ್ಬೀಲಿ ಕಾಫಿಪುಡಿ, ಮನೆ ಮಾತ್ರ ನಡೀತಿದೆ. ಸ್ವಲ್ಪ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ.

ಕಷ್ಟ ಇದ್ದದ್ದು ಬೇರೆ ಕಡೆ. ಸೇಫಿನ ಒಂದು ಕೀ ನನ್ನ ಹತ್ರ, ಜಾಯಿಂಟ್ ಕಸ್ಟಡಿ, ಅಂದ್ರೆ ಇಬ್ಬರ ಕೀ ಸೇರಿದ್ರೇನೇ ಸೇಫ್ ತೆಗೆಯೋಕಾಗೋದು. ಮಗನಿಗೆ ಡೆಂಗಿ ಅಂತ ಫೋನ್ ಬಂದ ದಿನ, ಕೀ ತಗೊಳ್ಳೋ ಆಫೀಸರ್ ಬರೋವರೆಗೂ ಬ್ಯಾಗ್ ಹಿಡ್ಕೊಂಡು ಕೌಂಟರ್ ಹಿಂದೆ ಕೂತಿದ್ದೆ.

— ಹಣಕಾಸು ಸಚಿವಾಲಯದ ಆಗಸ್ಟ್ 2014ರ ಪತ್ರ ಹಿಡ್ಕೊಂಡು ಲಿಖಿತವಾಗಿ ಕೇಳಿ. ಮಹಿಳಾ ನೌಕರರನ್ನ ಆದಷ್ಟು ಗಂಡ ಇರೋ ಊರಿಗೆ, ಮದುವೆ ಆಗದವರನ್ನ ಅಪ್ಪ-ಅಮ್ಮ ಇರೋ ಊರಿಗೆ ಹಾಕಿ ಅಂತಿದೆ. ಹಕ್ಕೇನಲ್ಲ, ಜಾಗ ನೋಡ್ಕೊಂಡು ಕೊಡ್ತಾರೆ. ನನಗೆ ಒಂದೂವರೆ ವರ್ಷಕ್ಕೆ ಸಿಕ್ತು. ಹೆಂಡತಿ ಇರೋ ಊರಿಗೆ ಗಂಡನ್ನ ಹಾಕಿ ಅಂತ ಆ ಪತ್ರದಲ್ಲಿಲ್ಲ, ಆದ್ರೂ ಉಪಯೋಗಿಸ್ಕೊಳ್ಳಿ.

— ನಾ ಹುಬ್ಬಳ್ಳ್ಯಾಕಿ. ನಮ್ಮ ಅತ್ತಿಯವ್ರಿಗೆ ಡಯಾಲಿಸಿಸ್ ನಡದಿತ್ತು, ಬ್ಯಾಡ ಅಂತ ಬಿಟ್ಟೆ. ಅದ್ರ ಬಗ್ಗೆ ಬ್ಯಾಸರಿಲ್ಲ. ಆದ್ರ ನಾ ಕೆಲಸ ಕಲಿಸಿದ ಹುಡುಗ ಈಗ ನನ್ನ ರಜಾ ಅರ್ಜಿಗೆ ಸಹಿ ಹಾಕ್ತಾನ. ಅದೊಂದು ಚುಚ್ಚತೈತ್ರೀ.

— ಕೇಳಿದವಳು ನಾನೇ. ನಿನ್ನೆ ರಾತ್ರಿ ಯಜಮಾನ್ರನ್ನ ಕೇಳಿದೆ, "ಈ ಪ್ರಮೋಷನ್ ನಿಮಗೆ ಬಂದಿದ್ರೆ?" ಅಂತ. "ಹೋಗ್ತಿದ್ದೆ" ಅಂದ್ರು. ಆಮೇಲೆ ತುಂಬ ಹೊತ್ತು ಮಾತಾಡ್ಲಿಲ್ಲ. ಬೆಳಿಗ್ಗೆ ಎದ್ದು, ಕುಕ್ಕರಿಗೆ ಎಷ್ಟು ನೀರು ಹಾಕಬೇಕು ಅಂತ ಕೇಳಿದ್ರು.