ಸೀಟ್ ಪೋಸ್ಟ್ ಹಿಡಿಯುವ ಕಿವಿ ಸೀಳಿದೆ: ವೆಲ್ಡಿಂಗ್ ಮಾಡಿಸಬಹುದೇ?

ಪ್ರಶ್ನೆ (ವಿಜಯಪುರ): ನನ್ನ ಹಳೆಯ ಉಕ್ಕಿನ ಸೈಕಲ್ಲಿನಲ್ಲಿ ಕ್ಲ್ಯಾಂಪ್ ಬೇರೆ ಭಾಗವಾಗಿಲ್ಲ, ಫ್ರೇಮಿಗೇ ಬೆಸೆದ ಎರಡು ಕಿವಿಗಳ ನಡುವೆ ಬೋಲ್ಟ್ ಹಾಯುತ್ತದೆ. ಒಂದು ಕಿವಿ ಬುಡದಲ್ಲಿ ಸೀಳಿದ್ದು, ಸೀಟು ಕೆಳಗೆ ಜಾರುತ್ತಿದೆ. ವೆಲ್ಡಿಂಗ್ ಮಾಡಿಸುವುದು ಸರಿಯೇ?

ಉತ್ತರ (ಬೆಳಗಾವಿ): ಸರ್, ಮೊದಲು ಪೋಸ್ಟಿನ (ಸೀಟು ಕೂರುವ ಕಂಬದ) ವ್ಯಾಸವನ್ನೂ ಅದು ಇಳಿಯುವ ಫ್ರೇಮಿನ ಕೊಳವೆಯ ಒಳವ್ಯಾಸವನ್ನೂ ವರ್ನಿಯರ್‌ನಿಂದ ಅಳೆಯಿರಿ. ಪೋಸ್ಟುಗಳು ಸಾಮಾನ್ಯವಾಗಿ 0.2 ಮಿ.ಮೀ. ಅಂತರದಲ್ಲಿ ದೊರೆಯುವುದರಿಂದ, 27.2 ಬೇಕಾದಲ್ಲಿ 26.8 ಹಾಕಿದ್ದರೂ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಆ ಸಡಿಲವನ್ನು ಬೋಲ್ಟಿನಿಂದಲೇ ತುಂಬಲು ಹೋದಾಗ ಕಿವಿಗಳು ಒಂದಕ್ಕೊಂದು ಬಾಗಿ, ಕೊನೆಗೆ ಸೀಳುತ್ತವೆ. ಕಾರಣ ಇದೇ ಆಗಿದ್ದರೆ ವೆಲ್ಡಿಂಗ್ ಹೆಚ್ಚು ದಿನ ಬಾಳದು. ಕೊಳವೆಯ ಗೋಡೆ ತೆಳುವಾಗಿರುವುದರಿಂದ ಆರ್ಕ್ ವೆಲ್ಡಿಂಗ್ ಅದನ್ನು ಸುಟ್ಟು ತೂತು ಮಾಡಬಹುದು. ಹಿತ್ತಾಳೆ ಕರಗಿಸಿ ಬೆಸೆಯುವ ಬ್ರೇಜಿಂಗ್ ಮೇಲು. ಪೋಸ್ಟನ್ನು ಹೊರತೆಗೆದೇ ಬಿಸಿ ಕೊಡಬೇಕು, ಆಮೇಲೆ ಕೊಳವೆಯ ಒಳಭಾಗವನ್ನು ರೀಮರ್‌ನಿಂದ (ತೂತಿನೊಳಗೆ ತಿರುಗಿಸಿ ಸವರುವ ಉಪಕರಣ) ಸಮ ಮಾಡಿಸಬೇಕು. ನಮ್ಮ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಂಥ ಕಡೆ ಇದಕ್ಕೆ ಕೈ ಪಳಗಿದವರು ಸಿಗುತ್ತಾರೆ.

ಉತ್ತರ (ಬಾಗಲಕೋಟೆ): ನಾನಾದರೆ ಎರಡೂ ಕಿವಿಗಳನ್ನು ಅರದಿಂದ ಉಜ್ಜಿ ತೆಗೆದು, ಹೊರಗಿನಿಂದ ಹಾಕುವ ಅಲ್ಯೂಮಿನಿಯಂ ಕ್ಲ್ಯಾಂಪ್ ಕೂರಿಸುತ್ತೇನೆ. ಇವು 28.6, 31.8, 34.9 ಮಿ.ಮೀ. ಅಳತೆಗಳಲ್ಲಿ ಬರುತ್ತವೆ, ಕೊಳವೆಯ ಹೊರವ್ಯಾಸವನ್ನು ಉಜ್ಜಿದ ಮೇಲೆಯೇ ಅಳೆಯಿರಿ. ಆದರೆ ಸೀಳು ಕಿವಿಯನ್ನು ದಾಟಿ ಕೊಳವೆಗೆ ಇಳಿದಿದ್ದರೆ ಈ ಉಪಾಯ ನಡೆಯದು. ಕೆಲವರು ಪೋಸ್ಟಿಗೇ ಅಡ್ಡ ತೂತು ಕೊರೆದು ಬೋಲ್ಟ್ ಹಾಕಲು ಹೇಳುತ್ತಾರೆ, ದಯವಿಟ್ಟು ಕೇಳಬೇಡಿ: ಪೋಸ್ಟ್ ಅಲ್ಲಿಯೇ ಮುರಿಯುತ್ತದೆ.

ಪ್ರಶ್ನೆ ಕೇಳಿದವರು: ಸೀಳು ಕಿವಿಯಲ್ಲಿಯೇ ನಿಂತಿದೆ. ಪೋಸ್ಟ್ 26.8, ಕೊಳವೆ 27.2 ಇದೆ. ಕ್ಲ್ಯಾಂಪಿನ ಜೊತೆಗೆ ಪೋಸ್ಟನ್ನೂ ಬದಲಿಸುತ್ತೇನೆ.